ಸಾವಿನ ಮನೆಯ ಸಂಜೆ ಪ್ರಾರ್ಥನೆ: "ಜಪ ಬಾಯಿಗೆ ಬರ್ತಿಲ್ಲ" ಅನ್ನುವ ತಾಯಿಯ ಮುಂದೆ ಏನು ಓದೋದು?

ಕಾಫಿಹೂ:
ಸಿದ್ದಾಪುರ ಕಡೆಯ ಕ್ಯಾಥೊಲಿಕ್ ಮನೆ. ಮಗ ತೀರಿಕೊಂಡು ಎಂಟು ದಿನ, ಚರ್ಚಿನಲ್ಲಿ ಏಳನೇ ದಿನದ ಪೂಜೆ ಆಯ್ತು. ಸಂಜೆ ಅಕ್ಕಪಕ್ಕದವರು ಸೇರಿ ಜಪಸರ (ಮಣಿ ಎಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ) ಮಾಡ್ತೇವೆ. ತಾಯಿ ಮಾತ್ರ ಗೋಡೆಗೆ ಒರಗಿ ಕೂತು, "ಜಪ ಬಾಯಿಗೆ ಬರ್ತಿಲ್ಲ, ದೇವರು ಎಲ್ಲಿದ್ದ?" ಅಂತಾರೆ. ಯಾರಾದರೂ "ದೇವರ ಚಿತ್ತ" ಅಂದರೆ ಮುಖ ತಿರುಗಿಸ್ತಾರೆ. ಏನು ಓದಬೇಕು, ಎಷ್ಟು ಹೊತ್ತು? ತಿಳಿದವರು ಬಿಡಿಸಿ ಹೇಳಿ.

ಬೆಟ್ಟದದಾರಿ:
"ದೇವರು ಎಲ್ಲಿದ್ದ" ಅನ್ನೋದೂ ಪ್ರಾರ್ಥನೆಯೇ, ದಯವಿಟ್ಟು ತಿದ್ದಬೇಡಿ. ಬೈಬಲಿನ ಕೀರ್ತನೆ 13 ತಗೊಳ್ಳಿ. ಇರೋದೇ ಆರು ವಚನ. 1–2 ದೂರು, "ಎಷ್ಟರವರೆಗೆ" ಅನ್ನುವ ಪ್ರಶ್ನೆ ಹೀಬ್ರೂ ಮೂಲದಲ್ಲಿ ನಾಲ್ಕು ಸಲ ಬರುತ್ತೆ. 3–4 ಬೇಡಿಕೆ, 5–6 ಭರವಸೆ. ಸದ್ಯಕ್ಕೆ 1–2 ಮಾತ್ರ ಸಾಕು. ಒಬ್ಬರೇ ನಿಧಾನವಾಗಿ ಎರಡು ಸಲ ಓದಿ, ನಡುವೆ ಎರಡು ನಿಮಿಷ ಸುಮ್ಮನಿರಿ.

ಎಡವೋದು ಇಲ್ಲೇ. ಓದುವವರಿಗೆ ಆ ಮೌನ ತಡೆಯಲಾಗದೆ ಐದನೇ ವಚನಕ್ಕೆ ಹಾರ್ತಾರೆ, ಆಗ ತಾಯಿಗೆ ತನ್ನ ಅಳುವೇ ತಪ್ಪೇನೋ ಅನ್ನಿಸಿಬಿಡುತ್ತೆ. ಮೂರನೇ ವಚನಕ್ಕೆ ಹೋಗೋದಾ ಅಂತ ಅವರನ್ನೇ ಕೇಳಿ. ಐದಕ್ಕೆ ಬರುವಷ್ಟರಲ್ಲಿ ತಿಂಗಳ ಪೂಜೆ ಕಳೆದಿದ್ದರೂ ಚಿಂತೆಯಿಲ್ಲ. ಇನ್ನೊಂದು, ಆ ಮನೆಯ ಬೈಬಲಿನಿಂದಲೇ ಓದಿ. ಫೋನಿನ ಅನುವಾದದಲ್ಲಿ "ಯೆಹೋವ" ಅಂತಿದ್ದರೆ, ಸರ್ವೇಶ್ವರ ಅಂತ ಕರೆದು ರೂಢಿಯಾದವರಿಗೆ ಅದು ಪರಕೀಯ ಅನ್ನಿಸುತ್ತೆ.

ಹಾರಂಗಿತೀರ:
ಪೂರ್ತಿ ಜಪಸರಕ್ಕೆ ಇಪ್ಪತ್ತು ನಿಮಿಷ ಬೇಕು, ಈಗ ಅವರಿಗೆ ಅದು ಭಾರ. ಜಪಸರದಲ್ಲಿ ಧ್ಯಾನಿಸುವ ದುಃಖದ ರಹಸ್ಯಗಳಲ್ಲಿ (ಯೇಸುವಿನ ಯಾತನೆಯ ಘಟನೆಗಳು) ಮೊದಲನೆಯದು, ಗೆತ್ಸೆಮನಿ ತೋಟದ್ದು, ಒಂದೇ ಸಾಕು: ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯ, ಕೊನೆಗೆ ತ್ರಿತ್ವ ಸ್ತುತಿ. ನಾಲ್ಕು ನಿಮಿಷ. ಈ ಪಾತ್ರೆ, ಅಂದರೆ ಈ ಯಾತನೆ, ನನ್ನಿಂದ ತೆಗೆದುಬಿಡು ಅಂತ ಯೇಸುವೇ ಬೇಡಿಕೊಂಡ ಜಾಗ ಅದು (ಮಾರ್ಕ 14:36). ತಾಯಿ ಹೇಳಲೇಬೇಕೆಂದಿಲ್ಲ, ಸರ ಕೈಯಲ್ಲಿದ್ದರೆ ಸಾಕು, ಉಳಿದವರು ಅವರ ಪರವಾಗಿ ಹೇಳ್ತೀರಲ್ಲ.

ಬೈಬಲಿನಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು (ಯೋಬ 2:13). ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು. ಇದು ಕಾಫಿ ಕುಯ್ಲಿನ ಕಾಲ ಬೇರೆ. ಆ ಮನೆಯ ಕಣದಲ್ಲಿ ಕಾಫಿ ಹಣ್ಣು ಹರಡಿದ್ದರೆ, ಹಗಲು ಯಾರಾದರೂ ಹೋಗಿ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ. ಬಿಟ್ಟರೆ ಇಬ್ಬನಿಗೆ ಬೂಷ್ಟು ಹಿಡಿಯುತ್ತೆ. ಏಳನೇ ದಿನ ಕಳೆದ ಮೇಲೆಯೇ ಮನೆ ಖಾಲಿಯಾಗೋದು, ಹಾಗಾಗಿ ಸರದಿ ಹಾಕಿಕೊಂಡು ಹೋಗಿ.

ಊಟ, ನಿದ್ದೆ ಪೂರ್ತಿ ಬಿಟ್ಟರೆ, ಅಥವಾ "ನಾನೂ ಹೋಗ್ತೇನೆ" ಅಂದರೆ, ಪ್ರಾರ್ಥನೆ ಜೊತೆಗೆ ಆವತ್ತೇ ವೈದ್ಯರು ಬೇಕು. ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಕಾಫಿಹೂ:
ಇಬ್ಬರಿಗೂ ವಂದನೆ. ಎಲ್ಲರೂ ಓದೋದು ಕೀರ್ತನೆ 23. ಅದು ಬೇಡವೇ?

ಬೆಟ್ಟದದಾರಿ:
ಖಂಡಿತ ಓದಿ, ಆದರೆ ಸಮಾಧಾನದ ಹಾಡು ಅಂತ ಒಂದೇ ಉಸಿರಿಗೆ ಮುಗಿಸಬೇಡಿ. ಹಸಿರು ಹುಲ್ಲು, ತಿಳಿನೀರು ಇರುವ ಮೊದಲ ಮೂರು ವಚನಗಳಲ್ಲಿ ಮೂಲದಲ್ಲಿ ದೇವರು "ಆತ". ನಾಲ್ಕರಲ್ಲಿ ಕಣಿವೆಯ ಕತ್ತಲು ಬರುತ್ತೆ, ಅಲ್ಲಿಂದ "ನೀನು". ಆತನ ಬಗ್ಗೆ ಹೇಳ್ತಿದ್ದವನು ಕತ್ತಲಲ್ಲಿ ಆತನ ಜೊತೆಗೇ ಮಾತಾಡ್ತಾನೆ. ಹಾಗಾಗಿ ನಾಲ್ಕನೇ ವಚನಕ್ಕೆ ಮುಂಚೆ ಒಂದು ಕ್ಷಣ ನಿಲ್ಲಿ, "ನೀನು" ಅನ್ನೋದನ್ನ ತಾಯಿಗೆ ಕೇಳಿಸುವ ಹಾಗೆ ಬಿಡಿಸಿ ಓದಿ.