ಹಡಗಿನಿಂದ ಇಳಿದು ಎಫೆಸಸ್, ಪೊಂಪೈ: ಖಾಸಗಿ ಗೈಡ್ ಮಾಡಿಕೊಳ್ಳಬೇಕೇ?

(ನಮ್ಮ ಪ್ರವಾಸ ಬಳಗದ ಪ್ರಶ್ನೋತ್ತರ. ಉತ್ತರ ಕೊಡುವವರು ಯುರೋಪ್, ಟರ್ಕಿ ಕಡೆ ಗುಂಪುಗಳನ್ನು ಕರೆದೊಯ್ಯುವ ಧಾರವಾಡದ ಟೂರ್ ಮ್ಯಾನೇಜರ್.)

ಪ್ರಶ್ನೆ, ವಿದ್ಯಾನಗರ, ಹುಬ್ಬಳ್ಳಿ: ನಮಸ್ಕಾರ್ರಿ ಸರ್. ಸೆಪ್ಟೆಂಬರ್‌ನಾಗ ನಾವು ಆರು ಮಂದಿ ಕ್ರೂಸ್ ಹೊಂಟೇವ್ರಿ. ಅಥೆನ್ಸ್ ಹತ್ರ ಪಿರೇಯಸ್‌ನಾಗ ಹಡಗ ಹತ್ತಿ, ಟರ್ಕಿಯ ಕುಶಾದಸಿ, ಗ್ರೀಸ್‌ನ ಸ್ಯಾಂಟೊರಿನಿ, ಇಟಲಿಯ ನೇಪಲ್ಸ್ ನೋಡ್ಕೊಂಡು ರೋಮ್ ಬಂದರದಾಗ ಇಳಿಯೋದು. ಅಪ್ಪಾರಿಗೆ 74, ಹೈಸ್ಕೂಲ್‌ನಾಗ ಇತಿಹಾಸ ಕಲಿಸಿದವರು. ಕುಶಾದಸಿ ಹತ್ರದ ಎಫೆಸಸ್, ನೇಪಲ್ಸ್ ಹತ್ರದ ಪೊಂಪೈ, ಈ ಎರಡೂ ಹಳೇ ರೋಮನ್ ಊರಿನ ಅವಶೇಷ ನೋಡದ ವಾಪಸ್ ಬರಂಗಿಲ್ಲ ಅಂತಾರ. ಮೊಣಕಾಲು ನೋವು ಬ್ಯಾರೆ. ಜೋಡಿ ಇಬ್ರು ಸಣ್ಣ ಹುಡುಗ್ರು. ಹಡಗಿನವರ ಟೂರಿಗೆ ತಲಿಗೆ ಇಷ್ಟು ಅಂತ ರೇಟ್ ಅದರಿ, ಆರು ಮಂದಿಗೆ ಭಾಳ ಆಗ್ತದ. ಖಾಸಗಿ ವ್ಯಾನ್, ಗೈಡ್ ಮಾಡಿದ್ರ ಸೋವಿ ಅಂತ ಕೇಳೇವಿ. ಆದ್ರ ತಡಾ ಆದ್ರ ಹಡಗ ಬಿಟ್ಟು ಹೋಗ್ತದಂತಲ್ರಿ, ಖರೇ ಏನು?

ಉತ್ತರ: ಖರೇರಿ ಅಕ್ಕಾರ, ಬಿಟ್ಟು ಹೋಗುತ್ತದೆ. ಹಡಗಿನವರೇ ಮಾರಿದ ಟೂರ್‌ನಲ್ಲಿ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ನಿಮ್ಮನ್ನು ಮುಟ್ಟಿಸುವ ಜವಾಬ್ದಾರಿ ಅವರದು. ಖಾಸಗಿ ಟೂರ್‌ನಲ್ಲಿ ಆ ಭರವಸೆ ಇಲ್ಲ, ಮುಂದಿನ ಊರಿಗೆ ನಿಮ್ಮ ಖರ್ಚಿನಲ್ಲಿ ನೀವೇ ಹೋಗಬೇಕು. ಹಾಗಂತ ಹೆದರಿ ಕೂಡಬೇಡಿ. ಬಂದರು ಬಂದರಿಗೆ ಲೆಕ್ಕ ಬೇರೆ.

ಕುಶಾದಸಿಯಲ್ಲಿ ಖಾಸಗಿಯೇ ಮಾಡಿರಿ. ಬಂದರಿನಿಂದ ಎಫೆಸಸ್ 20 ಕಿ.ಮೀ. ಒಳಗೇ ಇದೆ, ವ್ಯಾನಿನಲ್ಲಿ ಅರ್ಧ ತಾಸಿನ ದಾರಿ. ಹಡಗಿನವರು ತಲೆಲೆಕ್ಕದಲ್ಲಿ ಹಣ ಕೇಳುತ್ತಾರೆ, ಖಾಸಗಿಯವರು ಹೆಚ್ಚಾಗಿ ಗಾಡಿ ಮತ್ತು ಗೈಡ್ ಲೆಕ್ಕದಲ್ಲಿ. ಆರು ಮಂದಿಗೆ ಅದು ಸಾಮಾನ್ಯವಾಗಿ ಅಗ್ಗವಾಗುತ್ತದೆ, ಇಬ್ಬರೇ ಇದ್ದರೆ ಆಗುವುದು ಕಡಿಮೆ. ನಿಮ್ಮ ಮನೆಯವರಿಗೆ ರೊಕ್ಕಕ್ಕಿಂತ ದೊಡ್ಡ ಲಾಭ ನಡಿಗೆಯದು. ನಲವತ್ತು ಮಂದಿಯ ಗುಂಪಿನಲ್ಲಿ ಅಪ್ಪಾರು ಹಿಂದೆ ಉಳಿಯುತ್ತಾರೆ, ಅವರು ಮುಟ್ಟುವಷ್ಟರಲ್ಲಿ ಗೈಡ್ ಮಾತು ಮುಗಿಸಿ ಮುಂದಕ್ಕೆ ಹೊರಟಿರುತ್ತಾನೆ. ಇತಿಹಾಸ ಕಲಿಸಿದ ಹಿರಿಯರಿಗೆ ಹಾಗಾಗಬಾರದು.

ಎಫೆಸಸ್‌ಗೆ ಎರಡು ಬಾಗಿಲು. ಮೇಲಿನ ಬಾಗಿಲಲ್ಲಿ ಇಳಿಸಿ ಕೆಳಗಿನ ಬಾಗಿಲಲ್ಲಿ ವ್ಯಾನ್ ಕಾಯಲಿ ಅಂತ ಮೊದಲೇ ಬರೆದು ತಿಳಿಸಿರಿ. ಆಗ ಇಡೀ ದಾರಿ ಇಳಿಜಾರು, ಮೊಣಕಾಲಿಗೆ ಏರಿನ ಕಷ್ಟ ಇರುವುದಿಲ್ಲ. ಆದರೆ ಸಾವಿರಾರು ವರ್ಷ ತುಳಿದ ಅಮೃತಶಿಲೆಯ ಹಾಸು ನುಣುಪಾಗಿದೆ, ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಬೇಕು. ಕೈಗೊಂದು ಕೋಲು ಇದ್ದರೆ ಇನ್ನೂ ಒಳ್ಳೆಯದು. ಶೌಚಾಲಯ ಬಾಗಿಲ ಹತ್ತಿರ ಮಾತ್ರ, ಹುಡುಗರನ್ನು ಅಲ್ಲೇ ಕರೆದೊಯ್ದು ಒಳಗೆ ಹೋಗಿರಿ. ನೆರಳು ಬಹಳ ಕಡಿಮೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು, ತಡವಾದಷ್ಟೂ ಹಡಗಿನ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ.

ಒಳಗೆ ಸೆಲ್ಸಸ್ ಗ್ರಂಥಾಲಯದ ಮುಂದೆ ಅಪ್ಪಾರನ್ನು ಕೂಡಿಸಿರಿ. ಎರಡನೇ ಶತಮಾನದ ಆರಂಭದಲ್ಲಿ ಮಗನೊಬ್ಬ ತಂದೆಯ ನೆನಪಿಗೆ ಕಟ್ಟಿಸಿದ್ದು ಅದು, ತಂದೆಯ ಸಮಾಧಿ ಅದರ ಕೆಳಗೇ ಇದೆ. ಈಗ ಕಾಣುವ ಮುಂಭಾಗ ಬಿದ್ದುಹೋಗಿತ್ತು. ಆಸ್ಟ್ರಿಯಾದ ಪುರಾತತ್ವದವರು 1970ರ ದಶಕದಲ್ಲಿ ಅದರ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಸುಮಾರು 25,000 ಮಂದಿ ಕೂಡುವ ರಂಗಮಂದಿರ. ಅದರ ಎದುರಿಗಿನ ಅಗಲ ಬೀದಿ ಹಳೇ ಬಂದರಿಗೆ ಹೋಗುತ್ತಿತ್ತು. ಗೈಡ್‌ಗೆ ಹೇಳಿ ಆ ಬೀದಿಯ ಕಡೆ ಮುಖ ಮಾಡಿ ಐದು ನಿಮಿಷ ನಿಂತುಕೊಳ್ಳಿರಿ. ಹೊಳೆ ತಂದು ಹಾಕಿದ ಹೂಳಿನಿಂದ ಬಂದರು ತುಂಬಿ, ಸಮುದ್ರ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿಯಿತು. ಬಂದರು ಹೋದ ಮೇಲೆ ಊರೂ ಹೋಯಿತು. ಹಡಗು ನಿಮ್ಮನ್ನು ಎಫೆಸಸ್‌ನಲ್ಲಿ ಇಳಿಸದೆ ಕುಶಾದಸಿಯಲ್ಲಿ ಇಳಿಸುವುದಕ್ಕೆ ಕಾರಣ ಆ ಹೂಳೇ.

ನೇಪಲ್ಸ್‌ನಿಂದ ಪೊಂಪೈ ಸುಮಾರು 25 ಕಿ.ಮೀ. ಅಲ್ಲಿಯೂ ಖಾಸಗಿ ಮಾಡಬಹುದು. ಒಂದೇ ಷರತ್ತು, ಆ ದಿನ ಪೊಂಪೈ ಮಾತ್ರ. ಪೊಂಪೈ, ಸೊರೆಂಟೊ, ಅಮಾಲ್ಫಿ ಕರಾವಳಿ ಮೂರನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಅನ್ನುವವರನ್ನು ದೂರ ಇಡಿರಿ. ಆ ಕರಾವಳಿ ರಸ್ತೆಯಲ್ಲಿ ಗಾಡಿಗಳು ಸಿಕ್ಕಿಬಿದ್ದರೆ ಯಾವ ಡ್ರೈವರ್ ಕೈಯಲ್ಲೂ ಏನೂ ಇರುವುದಿಲ್ಲ. ಹಡಗು ತಪ್ಪಿಸುವುದು ಇಂಥ ಕಾರ್ಯಕ್ರಮಗಳೇ. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿಯಲ್ಲಿ ಹೂತ ಆ ಊರು ಇನ್ನೂ ಮೂರರಲ್ಲಿ ಎರಡು ಪಾಲು ಮಾತ್ರ ಅಗೆದಿದ್ದಾರೆ, ಅಷ್ಟನ್ನೂ ಒಂದು ದಿನದಲ್ಲಿ ನೋಡಿ ಮುಗಿಸಲಾಗುವುದಿಲ್ಲ. ಬೀದಿಗಳು ದೊಡ್ಡ ದೊಡ್ಡ ಕರಿಕಲ್ಲಿನವು, ಏರುಪೇರು ಬಹಳ. ಅಪ್ಪಾರಿಗೆ ಆಗಲಿಕ್ಕಿಲ್ಲ ಅನ್ನಿಸಿದರೆ ಅದೇ ವೆಸುವಿಯಸ್ ಹೂತ ಹರ್ಕ್ಯುಲೇನಿಯಂ ಇನ್ನೂ ಹತ್ತಿರದಲ್ಲಿದೆ. ಸಣ್ಣ ಜಾಗ. ಸುಟ್ಟು ಕರಕಾದ ಮರದ ತೊಲೆ, ಮನೆಗಳ ಮೇಲಿನ ಅಂತಸ್ತು ಕೂಡ ಉಳಿದಿವೆ. ನನ್ನನ್ನು ಕೇಳಿದರೆ ವಯಸ್ಸಾದವರಿಗೆ ಅದೇ ಮೇಲು. 2024ರ ನವೆಂಬರ್‌ನಿಂದ ಪೊಂಪೈಗೆ ದಿನಕ್ಕೆ 20,000 ಮಂದಿಯ ಮಿತಿ ಹಾಕಿದ್ದಾರೆ, ಟಿಕೆಟ್ ಮೇಲೆ ಹೆಸರು ಇರುತ್ತದೆ. ಮೊದಲೇ ಕಾಯ್ದಿರಿಸಿ, ಗುರುತಿಗೆ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿರಿ.

ಸ್ಯಾಂಟೊರಿನಿಯಲ್ಲಿ ಮಾತ್ರ ಹಡಗಿನವರ ಟೂರೇ ತಗೊಳ್ಳಿರಿ. ಅಲ್ಲಿ ದೊಡ್ಡ ಹಡಗು ದಂಡೆಗೆ ಹತ್ತುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ, ಟೂರ್ ಕೊಂಡವರಿಗೆ ಸಾಮಾನ್ಯವಾಗಿ ಮೊದಲ ಸರದಿ. ಉಳಿದವರು ಕಡಿದಾದ ಬಂಡೆಯ ಬುಡದಲ್ಲಿ ಇಳಿದು ಕೇಬಲ್ ಕಾರಿಗೆ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಐನೂರಕ್ಕೂ ಹೆಚ್ಚು ಮೆಟ್ಟಿಲು. ವಾಪಸ್ ಬರುವಾಗಿನ ಸಾಲು ಇನ್ನೂ ಉದ್ದ. ರೋಮ್ ಬಂದರಿನಲ್ಲಿ ನೀವು ಇಳಿದೇಬಿಡುವವರು, ಅಲ್ಲಿ ಗಡಿಯಾರದ ಚಿಂತೆ ಇಲ್ಲ.

ಪ್ರಶ್ನೆ, ಅದೇ ಅಕ್ಕಾರು: ಭಾಳ ಉಪಕಾರ ಆತ್ರಿ ಸರ್. ವಾಪಸ್ ಎಷ್ಟೊತ್ತಿಗೆ ಬಂದ್ರ ಛಲೋ?

ಉತ್ತರ: ಎಲ್ಲರೂ ಹಡಗಿನೊಳಗೆ ಇರಬೇಕಾದ ಸಮಯ ಅಂತ ಒಂದು ಇರುತ್ತದೆ, ಹೊರಡುವುದಕ್ಕಿಂತ ಅರ್ಧ, ಒಂದು ತಾಸು ಮೊದಲು. ಅದಕ್ಕೂ ಒಂದೂವರೆ ತಾಸು ಮುಂಚೆ ಬಂದರಿನಲ್ಲಿ ಇರುವಂತೆ ಗೈಡ್‌ಗೆ ಹೇಳಿರಿ. ಸೆಪ್ಟೆಂಬರ್‌ನಲ್ಲಿ ಗ್ರೀಸ್, ಟರ್ಕಿ ಎರಡರ ಸಮಯವೂ ಒಂದೇ, ಇಟಲಿ ಒಂದು ತಾಸು ಹಿಂದೆ. ಮೊಬೈಲ್ ತಾನೇ ಬದಲಾಗುತ್ತದೆ, ಹಡಗಿನ ಗಡಿಯಾರ ಯಾವಾಗ ಬದಲಿಸುತ್ತಾರೆ ಅಂತ ಹಿಂದಿನ ರಾತ್ರಿ ಕೋಣೆಗೆ ಬರುವ ಹಾಳೆಯಲ್ಲಿ ನೋಡಿರಿ. ಆ ಹಾಳೆಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಅದರ ಫೋಟೋ ಎಲ್ಲರ ಮೊಬೈಲಿನಲ್ಲೂ ಇರಲಿ.

ಪ್ರಶ್ನೆ, ಸಪ್ತಾಪುರ, ಧಾರವಾಡ: ಸರ್, ನಮ್ಮ ಜೋಡಿ ಇಲ್ಲಿಂದನ ಟೂರ್ ಮ್ಯಾನೇಜರ್ ಬರ್ತಾರ. ಅವರೇ ಕನ್ನಡದಾಗ ವಿವರಿಸಿದ್ರ ಆಗಂಗಿಲ್ಲೇನ್ರಿ? ಮತ್ತೊಬ್ಬ ಗೈಡ್ ಯಾಕ?

ಉತ್ತರ: ನಾನೂ ಅದೇ ಕೆಲಸದವನು, ಆದರೆ ಎಫೆಸಸ್ ಒಳಗೆ ನಿಂತು ಗುಂಪಿಗೆ ವಿವರಿಸುವ ಹಕ್ಕು ನನಗಿಲ್ಲ. ಟರ್ಕಿ, ಗ್ರೀಸ್, ಇಟಲಿ ಮೂರರಲ್ಲೂ ಪರವಾನಗಿ ಇರುವ ಸ್ಥಳೀಯ ಗೈಡ್‌ಗೆ ಮಾತ್ರ ಆ ಹಕ್ಕು. ಕೊರಳಲ್ಲಿ ಕಾರ್ಡ್ ನೇತಾಡುತ್ತಿರುತ್ತದೆ, ನೋಡಿರಿ. ಮ್ಯಾನೇಜರ್ ಅವರ ಮಾತನ್ನು ಕನ್ನಡಕ್ಕೆ ತಂದು ಹೇಳಬಹುದು. ಇನ್ನೊಂದು ಮಾತು, ಗ್ರೀಸ್‌ನಲ್ಲಿ ಇಂಗ್ಲಿಷ್ ಬಲ್ಲ ಡ್ರೈವರ್‌ನನ್ನೇ ಗೈಡ್ ಅಂದುಕೊಂಡು ಬುಕ್ ಮಾಡುವವರು ಬಹಳ. ಆತ ಗಾಡಿಯಲ್ಲಿ ಕಥೆ ಹೇಳಬಹುದು, ಬಾಗಿಲಿನಿಂದ ಒಳಗೆ ನಿಮ್ಮ ಜೊತೆ ಬಂದು ವಿವರಿಸುವಂತಿಲ್ಲ. ಗೈಡ್ ಬೇರೆ, ಡ್ರೈವರ್ ಬೇರೆ ಅಂತ ಕೇಳಿಯೇ ಹಣ ಕಟ್ಟಿರಿ.

ಪ್ರಶ್ನೆ, ಹಾವೇರಿ: ನಾವು ಹೋದಾಗ ಕುಶಾದಸಿಯಾಗ ಜಮಖಾನಿ ಅಂಗಡ್ಯಾಗ ಕೂಡಿಸಿ ಚಾ ಕುಡಿಸಿದ್ರು, ಅಲ್ಲೇ ಹೊತ್ತು ಹೋತು. ಎಫೆಸಸ್ ಓಡ್ಕೋತ ನೋಡಿದ್ವಿ. ನಮ್ಮವ್ವ ಇವತ್ತಿಗೂ ಅಂತಾಳ. ಹಿಂಗ ಆಗದಂಗ ಏನ್ ಮಾಡ್ಬೇಕ್ರಿ?

ಉತ್ತರ: ನಿಮ್ಮ ತಾಯಿಯವರ ಸಿಟ್ಟು ನ್ಯಾಯವಾದದ್ದು ಅಣ್ಣಾರ. ಅಂಗಡಿಯವರಿಂದ ಕಮಿಷನ್ ಬರುತ್ತದೆ, ಅದಕ್ಕೇ ಟೂರ್ ದರ ಕಡಿಮೆ ಇಟ್ಟಿರುತ್ತಾರೆ. ಬುಕ್ ಮಾಡುವಾಗಲೇ ‘ಯಾವ ಅಂಗಡಿಗೂ ಬರುವುದಿಲ್ಲ, ಎಫೆಸಸ್ ಒಳಗೆ ಕಡಿಮೆ ಅಂದರೂ ಎರಡೂವರೆ ತಾಸು’ ಅಂತ ಬರೆದು ಕಳಿಸಿ, ಒಪ್ಪಿಗೆಯನ್ನೂ ಬರಹದಲ್ಲೇ ತರಿಸಿಕೊಳ್ಳಬೇಕು. ಅಲ್ಲಿನ ನೇಯ್ಗೆ ನಿಜಕ್ಕೂ ನೋಡುವಂಥದ್ದು, ಬೇಕಿದ್ದವರು ಕಲ್ಲು ನೋಡಿ ಮುಗಿದ ಮೇಲೆ ಹೋಗಲಿ. ಹಾಗೆಯೇ ಗಾಳಿ ಜೋರಾಗಿ ಹಡಗು ಬಂದರಿಗೆ ಬರದೇ ಹೋದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೀರಾ ಅಂತಲೂ ಕೇಳಿರಿ. ಒಳ್ಳೆಯವರು ಕೊಡುತ್ತಾರೆ.

ಪ್ರಶ್ನೆ, ನವನಗರ, ಹುಬ್ಬಳ್ಳಿ: ವೀಸಾ ಒಂದ ಸಾಕೇನ್ರಿ?

ಉತ್ತರ: ಸಾಲದು. ಗ್ರೀಸ್, ಇಟಲಿಯಂಥ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ ಇದೆ, ಅದಕ್ಕೆ ಷೆಂಗೆನ್ ಅನ್ನುತ್ತಾರೆ. ಟರ್ಕಿ ಅದರಲ್ಲಿ ಇಲ್ಲ. ಗ್ರೀಸ್ ಬಿಟ್ಟು ಟರ್ಕಿಗೆ ಹೋಗಿ ಮತ್ತೆ ಗ್ರೀಸ್, ಇಟಲಿಗೆ ಬರುವವರಿಗೆ ಹಲವು ಸಲ ಪ್ರವೇಶ ಇರುವ ಷೆಂಗೆನ್ ವೀಸಾ ಬೇಕು. ಅದು ಕೈಯಲ್ಲಿದ್ದರೆ ಟರ್ಕಿಯ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಹಡಗಿನ ಕಂಪನಿ ಏನು ಕೇಳುತ್ತದೆ ಅಂತ ಅವರಿಂದಲೇ ಬರಹದಲ್ಲಿ ಪಡೆಯಿರಿ.

ಪ್ರಶ್ನೆ, ಗದಗ: ಸರ್, ನಾನು ಲಕ್ಕುಂಡಿಯಾಗ ಗೈಡ್ ಕೆಲಸ ಮಾಡ್ತೀನ್ರಿ. ಗೋವಾದ ಮರ್ಮಗೋವಾಕ್ಕ ವಿದೇಶಿ ಹಡಗ ಬರ್ತಾವಲ್ರಿ, ಆ ಮಂದೀನ ಲಕ್ಕುಂಡಿಗೆ ಕರ್ಕೊಂಡು ಬರಬಹುದೇನು?

ಉತ್ತರ: ತಮ್ಮಾ, ನಿನ್ನ ಉಮೇದು ಕಂಡು ಖುಷಿ ಆಯಿತು. ಆದರೆ ಒಂದು ದಿನಕ್ಕೆ ನಿಂತ ಹಡಗಿನವರಿಗೆ ಈ ಮಾತು ಕೊಡಬೇಡ. ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವುದಕ್ಕೇ ನಾಲ್ಕೂವರೆ, ಐದು ತಾಸು, ಲಕ್ಕುಂಡಿಗೆ ಇನ್ನೂ ಒಂದೂಕಾಲು, ಒಂದೂವರೆ. ಹೋಗಿ ಬರುವುದರಲ್ಲೇ ಹಡಗು ಹೊರಟಿರುತ್ತದೆ. ಮಂಗಳೂರು ಬಂದರಿನವರಿಗೆ ಮೂಡಬಿದಿರೆಯ ಸಾವಿರ ಕಂಬದ ಬಸದಿ ಹತ್ತಿರ, ಅಲ್ಲಿಯ ಗೈಡ್‌ಗಳಿಗೆ ಆ ಅನುಕೂಲ ಇದೆ, ನಮಗಿಲ್ಲ.

ನೀನು ಹಿಡಿಯಬೇಕಾದವರು ಗೋವಾದಲ್ಲೋ ಮುಂಬೈಯಲ್ಲೋ ಹಡಗು ಬಿಟ್ಟು ಹಂಪಿ ಕಡೆ ಹೊರಟವರನ್ನು. ಅವರ ದಾರಿಯಲ್ಲೇ ಗದಗ ಬರುತ್ತದೆ. ಹಂಪಿಗೆ ಹೋಗುವ ಮುನ್ನ ಗದಗಿನಲ್ಲಿ ಒಂದು ರಾತ್ರಿ ಇರುವಂತೆ ಕಾರ್ಯಕ್ರಮ ಮಾಡು. ಸಂಜೆ ತ್ರಿಕೂಟೇಶ್ವರ, ಬೆಳಿಗ್ಗೆ ಲಕ್ಕುಂಡಿ, ಆಮೇಲೆ ಡಂಬಳದ ದೊಡ್ಡಬಸಪ್ಪ ಗುಡಿ. ಎಫೆಸಸ್, ಪೊಂಪೈ ನೋಡಿ ಬಂದವರು ಮೊದಲು ಕೇಳುವುದು ಇದನ್ನು ಕಟ್ಟಿಸಿದವರು ಯಾರು, ಯಾವಾಗ ಅಂತ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆ, ಒಬ್ಬ ಹೆಣ್ಣುಮಗಳು. ಅಲ್ಲಿಂದ ಶುರು ಮಾಡು, ಡಂಬಳದಲ್ಲಿ ನಕ್ಷತ್ರದಂಥ ತಳಪಾಯದ ಮೂಲೆಗಳನ್ನು ಅವರಿಂದಲೇ ಎಣಿಸು. ಕಾರ್ಯಕ್ರಮದ ಹಾಳೆಯಲ್ಲಿ ಪ್ರತಿ ಜಾಗಕ್ಕೂ ಎಷ್ಟು ತಾಸು, ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲಿ ಅಂತ ಬರೆದಿಡು. ಹಾಳೆ ತಯಾರಾದ ಮೇಲೆ ನನಗೆ ಕಳಿಸು, ತಿದ್ದಿ ಕೊಡುತ್ತೇನೆ.