ಕಾಲ್ ಬಂದ ತಕ್ಷಣ ಹೊಟ್ಟೆ ಹಿಡ್ಕೊಳ್ಳುತ್ತೆ, ಆಂಬ್ಯುಲೆನ್ಸ್, ಫೈರ್, ಕ್ಯಾಶುವಾಲ್ಟಿ ಡ್ಯೂಟಿಯವರು ಇದ್ರೆ ದಯವಿಟ್ಟು ಹೇಳಿ

ನೈಟ್_ಶಿಫ್ಟ್_ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಾನು ಆಂಬ್ಯುಲೆನ್ಸಲ್ಲಿ ಇಎಂಟಿ, ಅಂದ್ರೆ ಆಸ್ಪತ್ರೆ ತಲುಪೋ ತನಕ ಪೇಷಂಟ್ ನೋಡ್ಕೊಳ್ಳೋನು, ಸೇರಿ ಆರು ವರ್ಷ ಆಯ್ತು, ವಯಸ್ಸು 33. ಹನ್ನೆರಡು ತಾಸಿನ ಶಿಫ್ಟು, ಡೇ ಒಂದಿಷ್ಟು ದಿನ, ನೈಟ್ ಒಂದಿಷ್ಟು ದಿನ. ನಮ್ ಗಾಡಿಗೆ ಜಾಸ್ತಿ ಬರೋದು ಹೈವೇ ಕೇಸು, ಆನಗೋಡು ದಾಟಿ ಭರಮಸಾಗರದ ಕಡೆ.

ಒಂದೂವರೆ ವರ್ಷದಿಂದ ಏನಾಗ್ತಿದೆ ಅಂದ್ರೆ ಫೋನ್ ರಿಂಗ್ ಆದ ತಕ್ಷಣ ಹೊಕ್ಕಳ ಕೆಳಗೆ ಹಿಂಡಿದಂಗೆ ನೋವು ಬರುತ್ತೆ, ಸಂಡಾಸಿಗೆ ಹೋಗ್ಲೇಬೇಕು ಅನ್ಸುತ್ತೆ, ಗಾಡಿ ಹೊರಟಿರುತ್ತೆ, ಎಲ್ಲಿ ಹೋಗೋದು. ಹೋಗಿ ಬಂದ್ರೆ ನೋವು ಕಮ್ಮಿ. ಇದು ಕೆಳಗಿನ ಕಥೆ. ಮೇಲಿನದು ಬೇರೆ, ನಾಲ್ಕು ತುತ್ತು ತಿಂದ್ರೆ ಹೊಟ್ಟೆ ಕಲ್ಲು ಇಟ್ಟಂಗೆ ಆಗುತ್ತೆ, ಹುಳಿತೇಗು, ಮಲಗಿದ್ರೆ ಎದೆ ಉರಿ. ಒಬ್ಬನಿಗೇ ಹೊಟ್ಟೆ ಕಟ್ಟಿಕೊಂಡಂಗೂ ಆಗಿ ಬೇಧಿನೂ ಹೆಂಗಾಗುತ್ತೆ ಅಂತ ನಂಗೆ ಗೊತ್ತಾಗ್ತಿಲ್ಲ.

ಹೋದ ತಿಂಗಳು ಬೆಣ್ಣೆ ದೋಸೆ ಪಾರ್ಸಲ್ ತಂದು ಗಾಡಿಯಲ್ಲೇ ಬಿಚ್ಚಿದ್ದೆ, ಎರಡು ತುತ್ತಿಗೆ ಕಾಲ್ ಬಂತು, ಬೈಕ್ ಆಕ್ಸಿಡೆಂಟು, ಹುಡುಗನಿಗೆ ಇಪ್ಪತ್ತೂ ಆಗಿರಲಿಲ್ಲ. ಪೇಷಂಟ್ ಮುಂದೆ ಕೂತಾಗ ನನ್ನ ಕೈ ನಡುಗಲ್ಲ ಕಣ್ರಿ, ಐವಿ ಒಂದೇ ಸಲಕ್ಕೆ ಹಾಕ್ತೀನಿ, ಹೊಟ್ಟೆ ಮಾತ್ರ ನನ್ನ ಮಾತು ಕೇಳಲ್ಲ. ಹ್ಯಾಂಡೋವರ್ ಕೊಟ್ಟು ಓಡೋಗಿ ಟಾಯ್ಲೆಟ್ಟಲ್ಲಿ ಕೂತೋನು ಅರ್ಧ ಗಂಟೆ ಎದ್ದಿಲ್ಲ. ವಾಪಸ್ ಬಂದು ನೋಡಿದ್ರೆ ಎಲೆ ಮೇಲೆ ಬೆಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ಅವತ್ತಿಂದ ದೋಸೆ ವಾಸನೆಗೇ ಹೊಟ್ಟೆ ತೊಳಸುತ್ತೆ.

ಮೆಡಿಕಲ್ ಶಾಪಲ್ಲಿ ಕೇಳಿ ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆ ದಿನಾ ನುಂಗ್ತಿದೀನಿ, ಬಿಟ್ರೆ ಎರಡು ಪಟ್ಟು ಉರಿ. ಒಬ್ಬ ಡಾಕ್ಟ್ರು ಎರಡು ನಿಮಿಷ ನೋಡಿ ಏನಿಲ್ಲ ಹೋಗು, ಟೆನ್ಷನ್ ಬಿಡು ಅಂದ್ರು. ಬಿಡೋಕೆ ಆಗಿದ್ರೆ ಬಿಡ್ತಿರಲಿಲ್ವಾ? ಇದು ಮನಸ್ಸಿಂದೋ ನಿಜವಾದ ಕಾಯಿಲೆನೋ, ಏನ್ ಟೆಸ್ಟ್ ಮಾಡಿಸ್ಬೇಕು?

ದುರ್ಗದ_ಕೋಟೆ:
ತಮ್ಮಾ, ನಾನು ಚಿತ್ರದುರ್ಗದೋನು, ಅಗ್ನಿಶಾಮಕದಾಗೆ 19 ವರ್ಷ. ನೀನು ಬರೆದಿದ್ದು ಓದಿ ನಂದೇ ಬರ್ದಂಗಾತು. ಬೆಲ್ ಹೊಡೀತು ಅಂದ್ರೆ ತಟ್ಟೆ ಬಿಟ್ಟು ಓಡಾದು, ಬೇಸಿಗೆಯಾಗೆ ಜೋಗಿಮಟ್ಟಿ ಕಡೆ ಹುಲ್ಲಿಗೆ ಬೆಂಕಿ ಬಿದ್ರೆ ಊಟ ಯಾವತ್ತೋ ನೀರು ಯಾವತ್ತೋ. ವಾಪಸ್ ಬಂದು ಮಧ್ಯರಾತ್ರಿ ಹಸಿವು ತಡೀಲಾರ್ದೆ ಗಬಗಬ ಮುದ್ದೆ ನುಂಗಿ ಹಂಗೇ ಬಿದ್ಕಳಾದು. ನಾನು ಹತ್ತು ವರ್ಷ ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದೆ, ಕೊನೆಗೆ ಒಂದಿನ ಸಂಡಾಸು ಟಾರು ಇದ್ದಂಗೆ ಕಪ್ಪಗೆ ಹೋಯ್ತು, ತಲೆ ತಿರುಗಿ ಬಿದ್ದೆ, ಎಂಡೋಸ್ಕೋಪಿ ಮಾಡಿದ್ರೆ ಅಲ್ಸರ್ ಆಗಿ ರಕ್ತ ಸೋರ್ತಿತ್ತು. ಸೊಂಟನೋವಿಗೆ ಅಂತ ವಾರಕ್ಕೆ ನಾಲ್ಕು ದಿನ ಪೇನ್ ಕಿಲ್ಲರ್ ತಗಾತಿದ್ದೆ, ಅದೂ ಖಾಲಿ ಹೊಟ್ಟೆಗೆ. ನೀನೂ ಸ್ಟ್ರೆಚರ್ ಎತ್ತೋನು, ನೀನೂ ತಗಾತಿದೀಯಾ? ಮೊದ್ಲು ಅದನ್ನ ಹೇಳು.

ಮಂಡಿಪೇಟೆ_ಹುಡುಗ:
ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ ಸೋಡಾಕ್ಕೆ ಉಪ್ಪು ಹಾಕಿ ಕುಡೀರಿ, ದೊಡ್ಡದೊಂದು ತೇಗು ಬಂದ್ರೆ ಎಲ್ಲಾ ಸರಿ ಹೋಗುತ್ತೆ. ನಮ್ಮಪ್ಪಂಗೆ ಹಂಗೇ ಹೋಯ್ತು.

ಕ್ಯಾಶುವಾಲ್ಟಿ_ಸಿಸ್ಟರ್:
ಸೋಡಾ ಬೇಡ ಸರ್, ಎದೆ ಉರಿ ಇರೋರಿಗೆ ಗ್ಯಾಸು ಸೇರಿ ಹುಳಿ ಇನ್ನೂ ಮೇಲೆ ಬರುತ್ತೆ.

ನಾನು ದಾವಣಗೆರೆಯಲ್ಲೇ ಎಮರ್ಜೆನ್ಸಿ ವಾರ್ಡ್ ಸ್ಟಾಫ್ ನರ್ಸ್, ನಿಮ್ಮಂಥ ಎಷ್ಟೋ ಇಎಂಟಿಗಳ ಕೈಯಿಂದ ಪೇಷಂಟ್ ತಗೊಂಡಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಮೇಲೆ ಕಟ್ಟಿಕೊಂಡು ಕೆಳಗೆ ಬೇಧಿ ಹೆಂಗೆ ಅಂತ ಕೇಳಿದ್ರಲ್ಲ, ಅದು ವಿಚಿತ್ರ ಅಲ್ಲ. ಗಾಬರಿ ಆದಾಗ ಮೆದುಳು ಬಿಡೋ ಸ್ಟ್ರೆಸ್ ಹಾರ್ಮೋನು ಜಠರ ಖಾಲಿ ಆಗೋದನ್ನ ನಿಧಾನ ಮಾಡುತ್ತೆ, ಅದೇ ಹೊತ್ತಿಗೆ ದೊಡ್ಡ ಕರುಳನ್ನ ಓಡಿಸುತ್ತೆ. ಹಂಗಾಗಿ ತಿಂದಿದ್ದು ಮೇಲೆ ಕೂತಿರುತ್ತೆ, ಕೆಳಗೆ ಅರ್ಜೆಂಟ್ ಆಗುತ್ತೆ. ಕರುಳಿಗೆ ಅದರದ್ದೇ ನರಗಳ ಜಾಲ ಇದೆ, ಮೆದುಳಿಂದ ವೇಗಸ್ ಅನ್ನೋ ನರ ಅಲ್ಲಿಗೆ ಹೋಗುತ್ತೆ, ಮಾತುಕತೆ ಎರಡೂ ಕಡೆ ನಡೀತಿರುತ್ತೆ. ಆದ್ದರಿಂದ ಮನಸ್ಸಿಂದೋ ಕಾಯಿಲೆನೋ ಅನ್ನೋ ಪ್ರಶ್ನೆನೇ ಬಿಟ್ಬಿಡಿ, ನೋವು ನಿಜ, ನೀವು ನಾಟಕ ಮಾಡ್ತಿಲ್ಲ. ನೈಟ್ ಡ್ಯೂಟಿ ಬೇರೆ, ರಾತ್ರಿ ಹೊತ್ತು ಜಠರದ ಕೆಲಸ ಮೊದ್ಲೇ ನಿಧಾನ.

ಆದ್ರೆ ಎಲ್ಲಾನೂ ಟೆನ್ಷನ್ ತಲೆಗೆ ಕಟ್ಟೋದು ಕೂಡ ತಪ್ಪು. ಹಿಂದೆ ಅಲ್ಸರ್ ಬರೋದೇ ಟೆನ್ಷನ್ನಿಂದ, ಖಾರದಿಂದ ಅಂತ ಡಾಕ್ಟರುಗಳೇ ನಂಬಿದ್ರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರೂ 1980ರ ದಶಕದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾದಿಂದ ಅಲ್ಸರ್ ಬರುತ್ತೆ ಅಂತ ತೋರಿಸಿದ್ರು, ಯಾರೂ ನಂಬಲಿಲ್ಲ ಅಂತ ಮಾರ್ಷಲ್ ತಾನೇ ಅದನ್ನ ಕುಡಿದು ಹೊಟ್ಟೆ ಉರಿ ಬರಿಸ್ಕೊಂಡ್ರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ ದೇಶದಲ್ಲಿ ಈ ಬ್ಯಾಕ್ಟೀರಿಯಾ ತುಂಬಾ ಜನರಲ್ಲಿ ಇದೆ, ಆಂಟಿಬಯೋಟಿಕ್ ಕೋರ್ಸಲ್ಲಿ ಹೋಗುತ್ತೆ. ಉಸಿರಿನ ಟೆಸ್ಟು ಇಲ್ಲಾ ಮಲದ ಟೆಸ್ಟಲ್ಲಿ ಗೊತ್ತಾಗುತ್ತೆ, ಆದ್ರೆ ಪ್ಯಾಂಟೊಪ್ರಜೋಲ್ ತಗೊಳ್ತಾ ಮಾಡಿಸಿದ್ರೆ ಇದ್ರೂ ಇಲ್ಲ ಅಂತ ಬರಬಹುದು, ಎರಡು ವಾರ ಮೊದ್ಲೇ ನಿಲ್ಲಿಸ್ಬೇಕು. ಬಿಟ್ರೆ ಎರಡು ಪಟ್ಟು ಉರಿ ಅಂದ್ರಲ್ಲ, ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದ್ರೆ ಆಸಿಡ್ ಹಂಗೆ ಉಕ್ಕುತ್ತೆ, ಡಾಕ್ಟರ್ ಕೇಳಿ ನಿಧಾನಕ್ಕೆ ಇಳಿಸಿ. ಅದನ್ನ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಂಡ್ರೇನೇ ಸರಿಯಾಗಿ ಕೆಲಸ ಮಾಡೋದು, ತುಂಬಾ ಜನ ಊಟ ಆದ್ಮೇಲೆ ನುಂಗ್ತಾರೆ.

ಕೆಳಗಿನ ಹೊಟ್ಟೆದು ನೋಡಿದ್ರೆ ಐಬಿಎಸ್ ಥರ ಇದೆ, ಅಂದ್ರೆ ಕರುಳು ಸೂಕ್ಷ್ಮ ಆಗಿ ನೋವು, ಬೇಧಿ ಇಲ್ಲಾ ಮಲಬದ್ಧತೆ ಬರೋ ತೊಂದರೆ. ಮೂರು ತಿಂಗಳಿಂದ ವಾರಕ್ಕೆ ಒಂದು ದಿನ ಆದ್ರೂ ನೋವು, ಮೋಷನ್ ಜೊತೆ ಅದರ ಸಂಬಂಧ, ಮೋಷನ್ ಆಗೋ ರೀತಿ ಬದಲಾಗಿರೋದು, ಇಂಥದ್ದು ನೋಡಿ ಡಾಕ್ಟರ್ ಹೇಳ್ತಾರೆ. ರಕ್ತ ಪರೀಕ್ಷೆ, ಮಲ ಪರೀಕ್ಷೆ ಮಾಡಿಸಿ, ಗೋಧಿ ಆಗಿಬರದ ಸೀಲಿಯಾಕ್ ಕಾಯಿಲೆ ಇಲ್ಲ ಅಂತ ನೋಡೋಕೂ ರಕ್ತದ ಟೆಸ್ಟ್ ಇದೆ. ತೂಕ ಇಳಿಯೋದು, ಮಲದಲ್ಲಿ ರಕ್ತ, ಮೇಲಿನ ಅಣ್ಣ ಹೇಳಿದಂಗೆ ಕಪ್ಪು ಮಲ, ನಿದ್ದೆಯಿಂದ ಎಬ್ಬಿಸೋ ಬೇಧಿ, ನುಂಗೋಕೆ ತೊಂದರೆ, ಇದರಲ್ಲಿ ಒಂದಿದ್ರೂ ಕಾಯಬೇಡಿ. ಇನ್ನೊಂದು, ಎದೆ ಉರಿ ಜೊತೆ ಬೆವರು ಬಂದು ಎಡಗೈ, ದವಡೆ ಕಡೆ ನೋವು ಹರಿದ್ರೆ ಗ್ಯಾಸ್ಟ್ರಿಕ್ ಅನ್ಕೊಂಡು ಮಲಗಬೇಡಿ, ಇಸಿಜಿ ಮಾಡಿಸಿ. ನಿಮಗೆ ಇದು ಗೊತ್ತು, ಪೇಷಂಟಿಗೆ ನೀವೇ ಹೇಳ್ತೀರ, ನಿಮ್ಮ ವಿಷಯಕ್ಕೆ ಬಂದ್ರೆ ಮರೀತೀರ.

ಡಾಕ್ಟರ್ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದ್ರೆ ಗೂಗಲ್ ನೋಡಿ ಹುಚ್ಚಿನ ಮಾತ್ರೆ ಅಂತ ಬಿಸಾಕಬೇಡಿ, ಅಷ್ಟು ಕಮ್ಮಿ ಡೋಸಲ್ಲಿ ಅದು ಕರುಳಿನ ನರ ಶಾಂತ ಮಾಡೋಕೆ. ಆ ಹುಡುಗನ ಕೇಸ್ ಬಗ್ಗೆ ಯಾರ ಹತ್ರನಾದ್ರೂ ಮಾತಾಡಿದ್ರಾ? 14416 ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಡ್ಯೂಟಿ ಮುಗಿದ ಮೇಲೆ ರಾತ್ರಿ ಎಷ್ಟೊತ್ತಿಗಾದ್ರೂ ಮಾಡಬಹುದು.

ಹೊಳಲ್ಕೆರೆ_ಅಕ್ಕ:
ನಮ್ಮೆಜಮಾನ್ರು ಆಂಬ್ಯುಲೆನ್ಸ್ ಪೈಲಟ್, ಅಂದ್ರೆ ಡ್ರೈವರ್. ಡಾಕ್ಟ್ರು ಹೇಳಿದ್ದು ಅವರು ಮಾಡ್ತಾರೆ, ಊಟ ನಾನು ನೋಡ್ಕೊಳ್ತೀನಿ. ಒಂದೇ ಡಬ್ಬಿ ತುಂಬಾ ಕಟ್ಟೋದು ಬಿಟ್ಟು ಮೂರು ಸಣ್ಣ ಡಬ್ಬಿ ಮಾಡಿದೆ, ಒಂದೊಂದು ಐದು ನಿಮಿಷಕ್ಕೆ ಮುಗಿಯೋ ಹಂಗೆ. ಮೊಸರನ್ನ, ಇಡ್ಲಿ, ಬಾಳೆಹಣ್ಣು. ರಾತ್ರಿ ಹನ್ನೆರಡರ ಮೇಲೆ ಗಟ್ಟಿ ಊಟ ಇಲ್ಲ. ಹಸಿ ಈರುಳ್ಳಿ, ಬೆಳ್ಳುಳ್ಳಿ ಜಾಸ್ತಿ ಇರೋದು ತಿಂದ್ರೆ ಇವರಿಗೆ ಉಬ್ಬರ, ಅದನ್ನ ಬರೆದಿಟ್ಟು ಕಂಡುಹಿಡಿದ್ವಿ, ಎಲ್ರಿಗೂ ಹಂಗೇ ಅಂತಲ್ಲ. ಮಿರ್ಚಿ ಮಂಡಕ್ಕಿ ಮತ್ತೆ ಏಳೆಂಟು ಟೀ ಬಿಡಿಸೋಕೆ ಆರು ತಿಂಗಳು ಹಿಡೀತು. ಮಂಚದ ತಲೆ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟಿದೀವಿ, ಎಡಮಗ್ಗುಲಿಗೆ ಮಲಗ್ತಾರೆ, ಎದೆ ಉರಿ ಅರ್ಧಕ್ಕರ್ಧ ಇಳಿದಿದೆ. ನೀರು ಮಾತ್ರ ಬಿಡಬೇಡಿ, ನಮ್ ಪರಿಚಯದ ಹೆಣ್ಣುಮಕ್ಕಳು ಇಎಂಟಿಗಳು ಟಾಯ್ಲೆಟ್ ಸಿಗಲ್ಲ ಅಂತ ಇಡೀ ಶಿಫ್ಟ್ ನೀರೇ ಕುಡಿಯಲ್ಲ, ಆಮೇಲೆ ಉರಿಮೂತ್ರ, ಮಲಬದ್ಧತೆ ಎರಡೂ.

ನೈಟ್_ಶಿಫ್ಟ್_ದಾವಣಗೆರೆ:
ಎಲ್ರಿಗೂ ಥ್ಯಾಂಕ್ಸ್, ಸಿಸ್ಟರ್ ನಿಮ್ಮದನ್ನ ಗಾಡಿಯಲ್ಲಿ ಕೂತು ಎರಡು ಸಲ ಓದಿದೆ. ಅಣ್ಣಾ, ಹೌದು, ಪೇನ್ ಕಿಲ್ಲರ್ ಡೈಕ್ಲೋಫೆನಾಕ್ ತಗೊಳ್ತೀನಿ, ವಾರಕ್ಕೆ ಮೂರು, ಇಲ್ಲಿ ಬರೆಯೋ ತನಕ ಲೆಕ್ಕನೇ ಹಾಕಿರಲಿಲ್ಲ. ಮಲ ಕಪ್ಪಗೆ ಹೋಗಿಲ್ಲ, ತೂಕ ಮಾತ್ರ ನಾಲ್ಕು ಕೇಜಿ ಇಳಿದಿದೆ, ಕೆಲಸದ ಓಡಾಟಕ್ಕೆ ಅಂದ್ಕೊಂಡಿದ್ದೆ. ಸೋಮವಾರ ವೀಕ್ಲಿ ಆಫ್, ಅವತ್ತೇ ಹೊಟ್ಟೆ ಡಾಕ್ಟರ್ ಹತ್ರ ಹೋಗ್ತೀನಿ. ಆ ಹುಡುಗನ ವಿಷಯ ಮನೇಲೂ ಹೇಳಿಲ್ಲ.

ದುರ್ಗದ_ಕೋಟೆ:
ನಾಲ್ಕು ಕೇಜಿ ಅಂದ್ರೆ ಸೋಮವಾರದ ತನಕ ಯಾಕಪ್ಪ, ನಾಳೆನೇ ಯಾರಾದ್ರೂ ಡ್ಯೂಟಿ ಅದಲು ಬದಲು ಮಾಡ್ಕೊಳ್ತಾರಾ ಕೇಳು. ಡೈಕ್ಲೋ ಇವತ್ತೇ ನಿಲ್ಸು. ಸಂಜೆ ಮೇಲೆ ನಾನು ಫ್ರೀ, ಇಲ್ಲೇ ಮೆಸೇಜ್ ಹಾಕು.