ಸಹಾಯ ಬೇಕು: ಇಲಿಯಾಸ್ಟಮಿ ಆಗಿರುವ ಅಮ್ಮನಿಗೆ ಕುಡಿಯಲು ಏನು ಕೊಡಲಿ?

ಕರುಳಿನ ಆಪರೇಷನ್ ಆಗಿ ಮೂರು ವಾರ, ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ಹೊರಗೆ ತಂದು (ಇದೇ ಇಲಿಯಾಸ್ಟಮಿ), ಮಲ ಬಂದು ಸೇರಲು ಅಮ್ಮನ ಹೊಟ್ಟೆಗೆ ಚೀಲ ಹಾಕಿದ್ದಾರೆ. ನೀರು ಕುಡಿದಷ್ಟೂ ಚೀಲ ಬೇಗ ತುಂಬುತ್ತದೆ, ಆದರೂ ನಾಲಿಗೆ ಒಣಗಿ ಅಂಟುತ್ತದೆ, ಮೂತ್ರ ಕಡು ಹಳದಿ. ಬರೀ ನೀರು ಜಾಸ್ತಿಯಾದರೆ ಮೈಯ ಉಪ್ಪು ಇನ್ನಷ್ಟು ಹೊರಗೆ ಹೋಗುತ್ತದೆ ಅಂತ ನರ್ಸ್ ಹೇಳಿದರು. ಅದಕ್ಕೇ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಗುಡ್ಡೆ ಮಾಡದೆ ಮಟ್ಟಸವಾಗಿ ಅಳೆದು ಹಾಕಿ ಕೊಡುತ್ತಿದ್ದೇನೆ, ಎರಡು ಗುಟುಕಿಗೇ ಸಾಕು ಅಂತ ಲೋಟ ಸರಿಸಿಬಿಡುತ್ತಾರೆ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಪರವಾಗಿಲ್ಲ. ಸಬ್ಬಕ್ಕಿ ಗಂಜಿ, ಬಾಳೆಹಣ್ಣು ಕೊಟ್ಟ ದಿನ ಚೀಲಕ್ಕೆ ಬರುವುದು ಸ್ವಲ್ಪ ಗಟ್ಟಿ ಇತ್ತು. ಎಳನೀರಲ್ಲಿ ಸೋಡಿಯಂ ಕಡಿಮೆ ಅಲ್ವಾ, ಉಪ್ಪು ಬೆರೆಸಿ ಕೊಟ್ಟವರು ಇದ್ದೀರಾ? ಡಾಕ್ಟರಿಗೆ ಫೋನ್ ಮಾಡಿದ್ದೇನೆ, ನಾಳೆ ಬೆಳಿಗ್ಗೆ ತೋರಿಸುತ್ತೇವೆ. ಮನೆಯಲ್ಲಿ ಇದನ್ನೇ ನೋಡಿಕೊಂಡವರು ದಯವಿಟ್ಟು ಹೇಳಿ, ಆ ಉಪ್ಪು ಸಕ್ಕರೆ ನೀರನ್ನು ಹೇಗೆ ಕುಡಿಸಿದಿರಿ?